ಎರಡನೇದು ಓ, ಮೂರನೇದು ಟಿ

ಗಂಜಿನ ಗುಜರಿಯೊಳಗ ತೂಕಕ್ಕ ಕೊಂಡ ತಗಡು,
ಸೈಕಲ್ ಹಿಂದ ಹಗ್ಗ ಬಿಗಿದು
ಶಹಾಬಜಾರ ನಾಕಾದ ತನಕ ನೂಕಿಕೊಂಡು ಬಂದ್ಲು ಜಗದೇವಿ.
ಯಾವುದೋ ಕಾಲದಾಗ ಮುಚ್ಚಿದ ಮೋಟಾರ್ ಗ್ಯಾರೇಜಿನ ಬೋರ್ಡು.
ಮೊದಲಿನ ಎಮ್ಮು ತುಕ್ಕು ತಿಂದು
ಎಮ್ಮೀ ಕೋಡಿನಷ್ಟೇ ಉಳಿದಿತ್ತು.
ಕಡೀ ಓ, ಕಡೀ ಆರು
ಕಲಬುರಗಿ ಬಿಸಿಲು ಕುಡಿದು ಮಾಯ.
ನಡುವಿನ ಎರಡು ಮಾತ್ರ,
ಎರಡನೇದು ಓ, ಮೂರನೇದು ಟಿ,
ನಿನ್ನೆ ಬರದಂಗ ಕೆಂಪಗ.

"ಇವೆರಡು ಗಟ್ಟಿ ಅವ ಅಣ್ಣಾ, ಅಳಸಬ್ಯಾಡ.
ಹೊಸಾವು ಮೂರೇ ಬರಿ,
ಮೂರರ ರೊಕ್ಕ ಕೊಡ್ತೀನಿ."

ಅಕ್ಷರಕ್ಕ ಎಂಬತ್ತು ನನ್ನ ರೇಟು, ನೆರಳು ಬಿಟ್ಟರ ನೂರು.
ಊರಾಗ ಫ್ಲೆಕ್ಸ್ ಬಂದಮ್ಯಾಗ
ಕುಂಚದ ಕೂದಲು, ನನ್ನ ತಲಿಗೂದಲು
ಪೈಪೋಟಿ ಮ್ಯಾಲ ಉದುರ್ಯಾವ.
ಬಂದ ಗಿರಾಕಿ ಬಿಡಬಾರದು.
"ಹೆಸರೇನವ್ವಾ ಅಂಗಡೀದು?"
"ನನಗೇನ್ ಗೊತ್ತು? ಇಂಗ್ಲೀಷಿನಾಗಿರಲಿ.
ಐದಕ್ಷರ, ತಗಡಿಗೆ ಬರೋಬ್ಬರಿ."

ಮಗಳು ನಾಗವೇಣಿ, ಪಿಯುಸಿ ಫೇಲು,
(ಇಂಗ್ಲೀಷಿನಾಗ ಅಲ್ಲ, ಇಕನಾಮಿಕ್ಸಿನಾಗ)
ಹಿಟ್ಟಿನ ಕೈ ಓಢಣಿಗೆ ಒರಸಿ
ಸೀಮೆಸುಣ್ಣ ಹಿಡದು ಗ್ವಾಡಿಗೆ ನಿಂತ್ಲು.
ಎಚ್ಚು, ಓ, ಟಿ, ಇ, ಎಲ್ಲು. ಹೋಟೆಲ್.
"ಕುಂದರಸಾಕ ಒಂದು ಕುರ್ಚಿ ಇಲ್ಲ, ಎಲ್ಲೀ ಹೋಟೆಲ್ಲು?"
ಟೋಟಲ್.
"ಟೋಟಲ್ ಹಾಕಿದರ ಗ್ಯಾಸಿಗೇ ಸಾಲವಲ್ದು, ಸುಮ್ನಿರು."
ನೋಟೆಡ್.
"ತಹಸೀಲಿನಾಗ ನನ್ನ ಅರ್ಜಿ ಮ್ಯಾಲ ಅದೇ ಬರದಾರ,
ಎರಡು ವರ್ಷ ಆತು."
ರೋಟರ್ ಅಂದ್ರೇನು? ತಿರುಗೋದು, ಅಂದ್ಲು ಹುಡುಗಿ.
"ತಿರುಗಿ ತಿರುಗೇ ನಿಮ್ಮವ್ವನ ಚಪ್ಪಲಿ ಸವದಾವ."
ಲೋಟಸ್. ವೋಟರ್.
"ಅಯ್ಯ ಬ್ಯಾಡ,
ಎಲ್ಲಾ ಪಾರ್ಟಿಯವರೂ ರೊಟ್ಟಿ ತಿಂತಾರ!"

ಅಷ್ಟೊತ್ತು ನಾನು ಕೇಳಿದ್ದು ಬರೀ ಅಂಗಡಿ.
ಯಾತರ ಅಂಗಡಿ ಅಂತ ಕೇಳೇ ಇರಲಿಲ್ಲ.
ಬೆರಳು ಮಡಚಿದೆ.
ಆರು. ಓ ದಾಟು. ಟಿ ದಾಟು.
ಇನ್ನೊಂದು ಟಿ. ಕಡೀಕ ಐ.
ಐದು.
"ಅದು ಇಂಗ್ಲೀಷಲ್ಲ ಕಾಕಾ,
ಡಿಕ್ಷನರಿಯೊಳಗ ಇಲ್ಲ," ಅಂದ್ಲು ನಾಗವೇಣಿ.
ಜಗದೇವಿ ಸೆರಗು ಸಿಗಿಸಿಕೊಂಡು:
"ರೊಟ್ಟೀನೇ ಇಲ್ಲಂದ್ರ
ಅದರ ಹೊಟ್ಟಿ ಹ್ಯಾಂಗ ತುಂಬ್ತದ?"

ಕನ್ನಡದಾಗಾದರ ಎರಡೇ ಅಕ್ಷರ.
ಟಿಯ ಕಾಲ ಬುಡಕ್ಕ ಇನ್ನೊಂದು ಟ
ತಾಯಿ ತೊಡಿಗೆ ಆತು ಕುಂತ ಕೂಸಿನಂಗ ಇರತದ.
ಒತ್ತಕ್ಷರಕ್ಕ ನಾ ಯಾವತ್ತೂ ರೊಕ್ಕ ಇಸಗೊಂಡವನಲ್ಲ.
ಇಂಗ್ಲೀಷಿನಾಗ ಎರಡೂ ಬ್ಯಾರೆ ಬ್ಯಾರೆ,
ಪಾಲು ತಗೊಂಡ ಅಣ್ಣತಮ್ಮರು.

ಬರೀಲಿಕ್ಕೆ ಕುಂತೆ.
ಮೊದಲು ಹಳೇ ಟಿಯ ಅಳತಿ ತಗೋಬೇಕು,
ಜೋಡಿ ಸರಿ ಬರಬೇಕಲ್ಲ.
ಗೇಣು ಇಟ್ಟೆ.
ಮ್ಯಾಲಿನ ಅಡ್ಡಗೆರಿ ಬಲಕ್ಕ
ಒಂದು ಜ್ವಾಳದ ಕಾಳಿನಷ್ಟು ಮ್ಯಾಲೆದ್ದಿತ್ತು.
ಊರಾಗ ಹಾಂಗ ಎಳೆಯೋ ಕೈ ಒಂದೇ ಇತ್ತು.
ಉಸ್ತಾದ್ ಮೌಲಾಸಾಬ.
ಗೆರಿ ನೆಟ್ಟಗ ಬರಲಿಲ್ಲಂತ
ನನ್ನ ಬೆರಳಿಗೆ ಬ್ರಶ್ಶಿನ ಹಿಡಿಕಿಲೆ ಹೊಡೀತಿದ್ದ,
ತಾ ಮಾತ್ರ ಸೊಟ್ಟ ಎಳೀತಿದ್ದ.
ಕೇಳಿದರ, "ಅದು ಸೊಟ್ಟಲ್ಲ ಬೇಟಾ, ಸಲಾಮು."

ಕೆಂಪು ಕಲಸಿದೆ. ಹೊಂದಲಿಲ್ಲ.
ಹಳದಿ ಒಂದು ಹನಿ, ಕಪ್ಪು ಅರ್ಧ ಹನಿ.
ಮತ್ತೂ ಹೊಂದಲಿಲ್ಲ.
ಅವನ ಕೆಂಪು ಈಗಿನ ಡಬ್ಬಿಯೊಳಗ ಬರಂಗಿಲ್ಲ.
"ಇರಲಿ ಬಿಡಣ್ಣಾ," ಅಂದ್ಲು ಜಗದೇವಿ,
"ಒಂದು ರೊಟ್ಟಿ ಮ್ಯಾಲಿನ ಕಲಿ ಇನ್ನೊಂದರ ಮ್ಯಾಲ ಇರತದೇನು?"

ನನ್ನ ಟಿ ನೆಟ್ಟಗ ಎಳೆದೆ.
ಅವನದರ ಪಕ್ಕಕ್ಕ, ನಾಲ್ಕು ಬೆರಳು ಬಿಟ್ಟು.

ಇನ್ನೂರಾ ನಲವತ್ತು ಎಣಿಸಿ ಕೊಟ್ಲು,
ಮ್ಯಾಲ ಹತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ.
ಗ್ವಾಡಿ ಮ್ಯಾಲಿನ ಸೀಮೆಸುಣ್ಣ
ಇನ್ನೂ ಯಾರೂ ಅಳಿಸಿಲ್ಲ.
ಬಸ್ಸಿಳಿದವರು ಹೋಟೆಲ್ ಅಂತ ಓದಿ ಬಂದು
ಚಹಾ ಕೇಳ್ತಾರ,
ನಾಗವೇಣಿ ಬೈಯ್ತಾ ಬೈಯ್ತಾ ಒಲಿ ಮ್ಯಾಲ ನೀರು ಇಡತಾಳ.