ಪೇದೆಯ ಖಾಲಿ ಪುಟ

ದಂಡೀ ಊರಿನ ಸೆಣಬಿನ ಮಿಲ್ಲಿನಲ್ಲಿ
ಅಮ್ಮ ಕಿವಿ ಕಳಕೊಂಡಾಗ ಅವಳಿಗೆ ಹತ್ತೊಂಬತ್ತು.
ಹೋದರೇನು, ಅಲ್ಲಿ ಎಲ್ಲರದೂ ಹೋಗಿತ್ತು.
ಇನ್ನೂರು ಮಗ್ಗ ಒಟ್ಟಿಗೆ ಗುದ್ದುವಾಗ
ದೇವರೇ ಬಂದು ಕೂಗಿದರೂ ತುಟಿ ನೋಡಿ ತಿಳಿಯಬೇಕು.
ತುಟಿಯಲ್ಲೇ ಜಗಳ, ತುಟಿಯಲ್ಲೇ ಗುಟ್ಟು,
ಮೇಸ್ತ್ರಿಯ ಬೆನ್ನ ಹಿಂದೆ ತುಟಿಯಲ್ಲೇ ಬೈಗುಳ.

ಅಲ್ಲಿಗೆ ಬಂದವಳು ಯೂಫೀಮಿಯಾ ಲಾರಿಮರ್,
ಪಾದ್ರಿಯ ಮಗಳು, ಕೈಗವಸು ತೊಟ್ಟವಳು.
ತಿಮಿಂಗಿಲದೆಣ್ಣೆ ಕುಡಿದ ಸೆಣಬಿನ ನಾತಕ್ಕೆ
ಅಂಗಳದಲ್ಲೇ ವಾಂತಿ ಮಾಡಿಕೊಂಡಳಂತೆ.
ಎಲ್ಲರೂ ನಕ್ಕರಂತೆ.
ಮರುದಿನ ಮತ್ತೆ ಬಂದಳು. ಕೈಗವಸು ಇರಲಿಲ್ಲ.

ಕೂಸು ಅಳದಿರಲೆಂದು ಅಫೀಮಿನ ಹನಿ ನೆಕ್ಕಿಸಿ
ಪಾಳಿಗೆ ಓಡುತ್ತಿದ್ದ ಕಾಲ.
ಕೆಲವು ಕೂಸುಗಳು ಮತ್ತೆ ಏಳುತ್ತಿರಲಿಲ್ಲ.
ಅವಳು ಮೀನಿನ ಗೋದಾಮೊಂದನ್ನು ಬಾಡಿಗೆಗೆ ಹಿಡಿದು
ಸುಣ್ಣ ಬಳಿಸಿ ಇಪ್ಪತ್ತೆರಡು ತೊಟ್ಟಿಲು ಇಟ್ಟಳು.
ಒಂಬತ್ತನೆಯದು ನನ್ನದು.
ದಿನಕ್ಕೊಂದು ಪೆನ್ನಿ; ಇಲ್ಲದವರನ್ನು ಕೇಳುತ್ತಿರಲಿಲ್ಲ,
ಇದ್ದೂ ಇಲ್ಲವೆಂದವರನ್ನು ಬಿಡುತ್ತಿರಲಿಲ್ಲ.
ನಗರಸಭೆಗೆ ಹದಿನಾಲ್ಕು ಸಲ ಅಲೆದು
ಬಟ್ಟೆ ಒಗೆಯಲು ಬಿಸಿನೀರಿನ ಮನೆ ಕಟ್ಟಿಸಿದಳು.
ಹದಿನೈದನೆಯ ಸಲ ಹೋದದ್ದು ಸಾಬೂನಿಗೆ.

ಆಮೇಲೆ ಯುದ್ಧ ಬಂತು.
ನಮಗೆ ಹಬ್ಬದ ಹಾಗೆ ಬಂತು, ಸುಳ್ಳೇಕೆ ಹೇಳಲಿ.
ಕಂದಕಕ್ಕೆ ಮರಳಿನ ಚೀಲ ಬೇಕು, ಚೀಲಕ್ಕೆ ಸೆಣಬು ಬೇಕು,
ಸೆಣಬಿಗೆ ನಮ್ಮಮ್ಮಂದಿರು ಬೇಕು.
ಹಗಲೂ ರಾತ್ರಿ ಮಿಲ್ಲು, ಕೂಲಿ ಒಂದೂವರೆ ಪಟ್ಟು,
ಮೊದಲ ಸಲ ನನ್ನ ಕಾಲಿಗೆ ನನ್ನದೇ ಅಳತೆಯ ಬೂಟು.

ಆಗ ಅವಳೆಂದಳು: ನಿಲ್ಲಿಸಿ.
ಹೊಟ್ಟೆ ತುಂಬಿದ ಮೊದಲ ಚಳಿಗಾಲದಲ್ಲಿ
ಹೇಳುವ ಮಾತೇ ಅದು?
ತೊಟ್ಟಿಲುಮನೆಯ ಕಿಟಕಿಗೆ ಕಲ್ಲು ಬಿತ್ತು.
ಎಸೆದವರಲ್ಲಿ ಅಮ್ಮನೂ ಇದ್ದಳು.
ಬೆಳಿಗ್ಗೆ ಗಾಜು ಗುಡಿಸಿದವರಲ್ಲೂ ಇದ್ದಳು,
ತಮ್ಮನನ್ನು ಅಲ್ಲೇ ಬಿಟ್ಟು ಹೋಗಬೇಕಿತ್ತಲ್ಲ.

ನ್ಯಾಯಾಧೀಶರ ಅಪ್ಪಣೆಯಾಯಿತು:
ಈಕೆ ಬೀದಿಯಲ್ಲಿ ಒಂದು ಶಬ್ದವನ್ನೂ ಆಡಕೂಡದು.

ಫೆಬ್ರವರಿಯ ಮಂಜು. ಪಾಳಿ ಬಿಡುವ ಹೊತ್ತು.
ಗೇಟಿನೆದುರು ಖಾಲಿ ಪೀಪಾಯಿ, ಅದರ ಮೇಲೆ ಅವಳು.
ಪಕ್ಕದಲ್ಲಿ ಪೇದೆ, ಪೆನ್ಸಿಲ್ಲಿನ ತುದಿ ನೆಕ್ಕಿ ಸಿದ್ಧ.
ಅವಳು ಬಾಯಿ ತೆರೆದಳು.
ದನಿಯಿಲ್ಲ.
ಬರೀ ತುಟಿ.

ಐವತ್ತು ದಾಟಿದವಳು, ಯಾವಾಗ ಕಲಿತಳೋ ಮಿಲ್ಲಿನ ಮಾತು!
ಶಾಲು ಹೊದ್ದ ಹೆಂಗಸರು ನಿಂತಲ್ಲೇ ನಿಂತರು.
ಟೇ ನದಿಯ ಮೇಲೆ ಕಡಲಹಕ್ಕಿ ಕಿರಿಚಿದ್ದು ಬಿಟ್ಟರೆ
ಸದ್ದಿಲ್ಲ. ಹತ್ತು ನಿಮಿಷ.
ಪೇದೆ ಪುಟ ನೋಡುತ್ತಾನೆ, ಅವಳ ಬಾಯಿ ನೋಡುತ್ತಾನೆ,
ಮತ್ತೆ ಪುಟ.
ಎಲ್ಲೋ ಒಬ್ಬಳು ಬಿಕ್ಕಿದಳು.
ಅದನ್ನು ಬರೆದುಕೊಂಡನಂತೆ.

ಕೊನೆಗೆ ಜೈಲಿಗೆ ಹಾಕಿದ್ದು ಬೇರೆ ಅಪರಾಧಕ್ಕೆ:
ಕಾಲುದಾರಿಗೆ ಅಡ್ಡವಾಗಿ ಪೀಪಾಯಿ.

ಮಿಲ್ಲು ನಿಲ್ಲಲಿಲ್ಲ, ಒಂದು ಮಗ್ಗವೂ.
ಅಮ್ಮ ಮರುದಿನವೂ ನೇಯ್ದಳು,
ಮಾವ ಆರ್ಚಿ ಆ ಚೀಲಗಳ ಹಿಂದೆಯೋ ಕೆಳಗೋ ಉಳಿದುಹೋದ.
ಅವಳು ಹೊರಬಂದಾಗ ಮುಂದಿನ ಮೂರು ಹಲ್ಲು ಇರಲಿಲ್ಲ;
ತುಟಿಯ ಮಾತು ಈಗ ತೊದಲುತ್ತದೆ ಎಂದು ಅಮ್ಮನ ದೂರು.

ಅಂದು ಏನಂದಳು? ನಲವತ್ತು ವರ್ಷ ಕೇಳಿದೆ,
ಅಮ್ಮನ ಎದುರೇ ನಿಂತು, ಬಾಯಿ ಅಗಲಿಸಿ.
ಉತ್ತರ ಕೊಡದೆ ಇದ್ದವಳಲ್ಲ.
ಒಲೆಯ ಕಡೆಗೆ ತಿರುಗಿ, ಸೌಟು ಆಡಿಸುತ್ತ,
ಪೂರಾ ಹೇಳುತ್ತಿದ್ದಳು ಪ್ರತಿ ಸಲವೂ;
ಹಿಂದಿನಿಂದ ನನಗೆ ದವಡೆ ಅಲ್ಲಾಡುವುದು ಕಾಣುತ್ತಿತ್ತು.