ನಾನು ನೀರು ಹಾಕಲಿಲ್ಲ

ಹೂ ಉದುರಿದ ಮಾರನೇ ದಿನವೇ ಬ್ಯಾಂಕಿನವರು
ಕುಂಡ ಸಮೇತ ಕಸಕ್ಕೆ ಹಾಕುತ್ತಿದ್ದರು.
ಅಲ್ಲಿ ನೆಲ ಒರೆಸುತ್ತಿದ್ದ ವೆಲ್ತಾ
ಬಕೆಟ್ಟಿನೊಳಗಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ
ಕೊನೆಯ ಬಸ್ಸಿಗೆ ತರುತ್ತಿದ್ದಳು,
ಕದ್ದ ಕೂಸನ್ನು ತರುವ ಹಾಗೆ.

ರೀಗಾದ ಹಳೇ ಕಾಂಕ್ರೀಟು ಕಟ್ಟಡ, ಐದನೇ ಮಹಡಿ.
ಅವಳ ಕಿಟಕಿಯ ಹಲಗೆ ಮೇಲೆ ಹದಿನಾರು ಆರ್ಕಿಡ್,
ಒಂದರಲ್ಲೂ ಹೂವಿಲ್ಲ.
ಹಸುವಿನ ನಾಲಗೆಯಂಥ ದಪ್ಪ ಎಲೆ ನಾಲ್ಕು,
ಪಾರದರ್ಶಕ ಕುಂಡದ ಗೋಡೆಗೆ ಮೂಗೊತ್ತಿ
ಹೊರಗೆ ಇಣುಕುವ ಬೇರು.
ಮೆಟ್ಟಿಲಲ್ಲಿ ಸಿಕ್ಕವರು ಕೇಳುವರು:
ಏನು ವೆಲ್ತಾ, ಎಲೆಕೋಸು ಬಲಿಯಿತೇ?

ಅವಳು ಮಾತಿಗೆ ಮಾತು ಕೊಡಳು.
ಕತ್ತರಿಯನ್ನು ಒಲೆಯುರಿಗೆ ಹಿಡಿದು
ಕೊಳೆತ ಬೇರು ಕತ್ತರಿಸುವಳು,
ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತುವಳು.
ಎಂದೂ ಬೇಯಿಸದ ಕೇಕಿನ ವಾಸನೆ
ಅವಳ ಮನೆಯಲ್ಲಿ ವರ್ಷವಿಡೀ.

ಅಕ್ಟೋಬರಿನಲ್ಲಿ ಪಿತ್ತಕೋಶದ ಕಲ್ಲಿಗೆಂದು
ಆಸ್ಪತ್ರೆಗೆ ಹೊರಟವಳು ಕೀಲಿಕೈ ನನಗಿತ್ತಳು.
ನನಗಾಗ ಹನ್ನೆರಡು.
"ಎಡ್ವೀನ್ಸ್, ಇಲ್ಲಿ ನೋಡು.
ಬೇರು ಹಸಿರಿದ್ದರೆ ಮುಟ್ಟಬೇಡ,
ಬೆಳ್ಳಿಯಾದರೆ ಬಾಯಾರಿದೆ ಅಂತ.
ಉಗುರುಬೆಚ್ಚಗಿನ ನೀರು, ಕಾಲು ಗಂಟೆ, ಆಮೇಲೆ ಬಸಿ.
ನೆತ್ತಿಯಲ್ಲಿ ಹನಿ ನಿಂತರೆ
ಕಾಗದದ ತುದಿಯಿಂದ ಹೀರು.
ಕಿಟಕಿ ಮುಚ್ಚಿಯೇ ಇರಲಿ."
ಹೂಂ ಅಂದೆ, ಹೂಂ ಅಂದೆ.
ಕೆಳಗೆ ಹುಡುಗರು ಚೆಂಡು ಒದೆಯುತ್ತಿದ್ದರು.

ಮೊದಲ ಭಾನುವಾರ ಹೋದೆ.
ದಾಲ್ಚಿನ್ನಿಗೆ ಸೀನು ಬಂತು, ಬೆರಳಗಲ ಕಿಟಕಿ ತೆರೆದೆ.
ಒಂದು ಕುಂಡ ನೆನೆಸಿದೆ. ಇನ್ನೊಂದಕ್ಕೆ
ನಲ್ಲಿಯನ್ನೇ ನೆತ್ತಿಗೆ ಹಿಡಿದೆ.
ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು.

ಅಷ್ಟೇ.
ಕೀಲಿಕೈ ಜಾಕೆಟ್ಟಿನ ಹರಿದ ಅಸ್ತರಿಗೆ ಜಾರಿ
ನಾಲ್ಕು ವಾರ
ನನ್ನ ಜೊತೆ ಶಾಲೆಗೆ ಹೋಯಿತು, ಬಂತು.

ಅವಳು ಮರಳಿದ ಸಂಜೆ ಎಲ್ಲ ನೆನಪಾಯಿತು.
ಅವಳ ಹೊಟ್ಟೆಯ ಕಲ್ಲು ತೆಗೆದಿದ್ದರು,
ಅದೀಗ ನನ್ನ ಹೊಟ್ಟೆಗೆ ಬಂದಿತ್ತು.
ಬಾಗಿಲಲ್ಲೇ ನಿಂತೆ.
ಹಗಲು ಹೀಟರಿನ ಬಿಸಿ, ಇರುಳು ಕಿಟಕಿಯ ಚಳಿ
ಉಂಡು ಕುಳಿತಿದ್ದವು ಹದಿನಾರೂ.
ಬೇರೆಲ್ಲ ಬೆಳ್ಳಿಯೋ ಬೆಳ್ಳಿ.

ವೆಲ್ತಾ ಕೋಟು ಕಳಚಲಿಲ್ಲ, ಬಾಗಿದಳು.
ಎಲೆಯ ಕಂಕುಳಿನಿಂದ ಹೊರಬಿದ್ದಿತ್ತು
ಹಸಿರು ತುದಿಯೊಂದು,
ಕೂಸಿನ ಕೈಗವಸಿನ ಹಾಗೆ ಹೆಬ್ಬೆರಳು ಮಡಚಿ.
ಪಕ್ಕದ್ದರಲ್ಲಿ ಇನ್ನೊಂದು.
ಅದರಾಚೆ ಮತ್ತೂ ಒಂದು.
ಅವಳು ಎಣಿಸುತ್ತಿದ್ದಳು, ಗಟ್ಟಿಯಾಗಿ,
ಐದಕ್ಕೆ ಬಂದಾಗ ಗಂಟಲು ಕಟ್ಟಿತು.

ಸತ್ತದ್ದು ಒಂದೇ. ನೆತ್ತಿ ಕೊಳೆತಿತ್ತು.
ಯಾವುದೆಂದು ನನಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ, ಹೊರಗೆ ಕಾರುಗಳೆಲ್ಲ ಹಿಮದಲ್ಲಿ ಹೂತಿರುವಾಗ,
ಐದನೇ ಮಹಡಿಯ ಕಿಟಕಿ ತುಂಬ
ಬಿಳಿ, ನೇರಳೆ, ಚುಕ್ಕೆ ಚುಕ್ಕೆ ಹಳದಿ.
ಎಲೆಕೋಸು ಅಂದವರೇ ನೋಡಲು ಬಂದು
ಚಪ್ಪಲಿ ಕಳಚಿ ಸಾಲಾಗಿ ನಿಂತರು.
"ಎಲ್ಲ ಈ ಹುಡುಗನ ಕೈಗುಣ" ಅಂದಳು.
ಮೂರನೇ ಮಹಡಿಯವರು ತಮ್ಮ ಒಣಕಲು ಕುಂಡವನ್ನು
ನನ್ನ ಕೈಗೇ ತಂದಿತ್ತರು.
ಹೇಳಿಬಿಡಬೇಕಿತ್ತು ಆಗಲೇ.
ಹೇಳಲಿಲ್ಲ. ಕೇಕು ಕೊಟ್ಟರು, ತಿಂದೆ.

ಈಗ ನನ್ನ ಮನೆಯಲ್ಲೂ ಏಳಿವೆ.
ಆರೈಕೆಯೆಂದರೆ ಅರ್ಧ ಕೈ ಕಟ್ಟಿ ಕೂರುವುದು,
ಅದೇ ಕಷ್ಟ. ಕೈ ಸುಮ್ಮನಿರದು,
ಹೋಗಿ ಹೋಗಿ ಕುಂಡ ಎತ್ತಿ ನೋಡುತ್ತದೆ.

ಒಂದು ಮಾತು ಮಾತ್ರ ಇನ್ನೂ ಕೊರೆಯುತ್ತದೆ.
ಮರುವರ್ಷ ಅಕ್ಟೋಬರಿನಲ್ಲಿ
ತಂಗಿಯ ಊರಿಗೆ ಹೊರಟವಳು
ಮತ್ತೆ ಅದೇ ಕೀಲಿಕೈ ಕೊಟ್ಟಳು, ಅದೇ ಪಾಠ ಒಪ್ಪಿಸಿದಳು:
ಹಸಿರು, ಬೆಳ್ಳಿ, ಉಗುರುಬೆಚ್ಚಗೆ, ಕಾಲು ಗಂಟೆ,
ನೆತ್ತಿಯ ಹನಿ, ಕಾಗದದ ತುದಿ.
ಬೆರಳಗಲ ತೆರೆದೇ ಇದ್ದ ಕಿಟಕಿಗೆ
ಬೆನ್ನು ಕೊಟ್ಟು ನಿಂತು
ಕೋಟಿನ ಗುಂಡಿ ಹಾಕಿಕೊಂಡಳು.