ದಾಪೋಡಿಗೆ ಎರಡು ಎಚ್‌ಪಿ

ಗುರುವಾರ, ಭೋಸರಿಗೆ ಕರೆಂಟಿಲ್ಲದ ದಿನ.
ಓಣಿಯ ಲೇಥುಗಳೆಲ್ಲ ಬಾಯಿ ಮುಚ್ಚಿದ್ದವು,
ವಾರ್ನಿಶ್ ವಾಸನೆಗೆ ಮಾತ್ರ ರಜೆಯಿಲ್ಲ.
ಬಂದಳು ತಿಪ್ಪವ್ವ, ಸುರಪುರದ ಕಡೆಯವಳು,
ತಲೆಯ ಮೇಲೆ ಏನೂ ಇಲ್ಲ,
ಆದರೂ ಹೊತ್ತವರ ನಡಿಗೆ.

ಹದಿನಾರು ವರ್ಷ ಸ್ಲ್ಯಾಬಿಗೆ ಕಾಂಕ್ರೀಟು ಏರಿಸಿದವಳು.
ಈಗ ದಾಪೋಡಿಯ ಚಾಳಿನ
ಹತ್ತಡಿಗೆ ಹತ್ತಡಿ ಖೋಲಿಯಲ್ಲಿ
ಖಾರದ ಗಿರಣಿ ಇಡಬೇಕಂತೆ.
"ಸಿಂಗಲ್ಲೋ ತ್ರೀಯೋ, ನೀನ ಹೇಳು ಭೀಮಶಾ.
ನನಗ ಎರಡೂ ಒಂದ ಥರ ಕಾಣ್ತಾವ,
ಹಸಿರು ಬಣ್ಣ, ಎರಕದ ಮೈ."

ಬೆಲೆಗಿಂತ ಮೊದಲು ನಾನು ಬೀಸುಕಲ್ಲಿನ ಮಾತು ತೆಗೆಯುತ್ತೇನೆ,
ಎಲ್ಲರಿಗೂ ಅಲ್ಲ, ಬೀಸಿದ ಕೈಗಳಿಗೆ ಮಾತ್ರ.
"ಮೂವರು ಸುತ್ತ ಕೂತು ಗೂಟ ಹಿಡದ್ರ
ಒಬ್ಬಾಕಿ ಕೈ ಸಡಿಲಾಗೂದ್ರಾಗ ಇನ್ನೊಬ್ಬಾಕಿ ಜಗ್ತಾಳ,
ಆಕಿ ಉಸುರು ತಗೊಳ್ಳೂದ್ರಾಗ ಮೂರನೇದಾಕಿ.
ಕಲ್ಲಿಗೆ ನಿಲ್ಲಾಕ ಪುರಸೊತ್ತಿಲ್ಲ. ಅದು ತ್ರೀ ಫೇಸು.

ಸಿಂಗಲ್ ಅಂದ್ರ ಒಬ್ಬಾಕೀನ.
ಮುಂದ ನೂಕ್ತಾಳ, ಹಿಂದ ಎಳೀತಾಳ,
ಸೆಕೆಂಡಿಗೆ ಐವತ್ತು ಸಲ ಹೌದಂತಾಳ, ಐವತ್ತು ಸಲ ಅಲ್ಲಂತಾಳ.
ಕಲ್ಲು ನಿಂತಲ್ಲೇ ಗುಂಯ್ ಅಂತದ, ತಿರುಗೂದಿಲ್ಲ.
ಬಲಕ್ಕ ಒಂದು ಬೆರಳು ತಾಗಿಸು, ಬಲಕ್ಕ ಹೋಗ್ತದ,
ಎಡಕ್ಕ ತಾಗಿಸಿದ್ರ ಎಡಕ್ಕ.
ತನ್ನದಂತ ಅದಕ್ಕೊಂದು ದಿಕ್ಕಿಲ್ಲ."

"ದಿಕ್ಕಿಲ್ಲದ್ದು ಅನ್ನು," ಎಂದಳು. ನಗಲಿಲ್ಲ.

ಬೆನ್ನ ಮೇಲಿನ ಗೂನು ತೋರಿಸಿದೆ: ಕೆಪ್ಯಾಸಿಟರ್.
ಶುರುವಿಗೆ ಕೈ ಕೊಡುವುದು ಅದು.
ವೇಗ ಬಂದದ್ದೇ ಒಳಗೊಂದು ಸ್ವಿಚ್ಚು
ಟಕ್ಕೆಂದು ಬಿಟ್ಟುಕೊಳ್ಳುತ್ತದೆ,
ಸಂತೆಯ ದಾರಿಯಲ್ಲಿ ಬುಟ್ಟಿ ಎತ್ತಿ ತಲೆಗಿಟ್ಟು
ಹೆಸರೂ ಹೇಳದೆ ಹೋದವರ ಹಾಗೆ.
ಹಳತಾದ ಮೇಲೆ, ಮಳೆಗಾಲದ ಒಂದು ಬೆಳಿಗ್ಗೆ,
ಕೈ ಕೊಡುವುದೂ ಅದೇ.

ತ್ರೀ ಫೇಸಿಗೆ ಈ ಗೂನಿಲ್ಲ, ಸ್ವಿಚ್ಚಿಲ್ಲ. ರೇಟೂ ಕಡಿಮೆ.
ಎರಡು ವೈರು ಅದಲುಬದಲು ಮಾಡಿದರೆ
ಬಂದ ದಾರಿಗೇ ತಿರುಗುತ್ತದೆ.
ಆದರೆ ಮೀಟರು? ಡಿಪಾಸಿಟ್ಟು? ಕಂಬದಿಂದ ಹೊಸ ಕೇಬಲ್ಲು?
ಚಾಳಿನ ಕುದಳೆ ಶೇಟನ ಸಹಿ?
ಕುದಳೆ ಸಹಿ ಹಾಕುವ ಮನುಷ್ಯನಲ್ಲ,
ಇಬ್ಬರಿಗೂ ಗೊತ್ತು.

"ಮೂರರಾಗ ಒಂದು ಹೋದ್ರ?"

ಗಿರಾಕಿಗಳು ಇದನ್ನು ಕೇಳುವುದಿಲ್ಲ.
ಕೈಯಲ್ಲಿದ್ದ ತಾಮ್ರದ ಎಳೆ ಕೆಳಗಿಟ್ಟೆ.
ನಿಂತದ್ದಾದರೆ ಏಳುವುದಿಲ್ಲ.
ಓಡುತ್ತಿದ್ದರೆ ಅದಕ್ಕೆ ತಿಳಿಯುವುದೇ ಇಲ್ಲ,
ಎರಡೇ ಸೇರಿ ಮೂರರ ಭಾರ ಎಳೆಯುತ್ತವೆ.
ದನಿ ತುಸು ದಪ್ಪಗಾಗುತ್ತದೆ, ಮೈ ಕಾಯುತ್ತದೆ.
ಸಂಜೆ ಬಿಚ್ಚಿದರೆ ಎರಡು ಸುತ್ತು ಇದ್ದಿಲು.
ಮೂರನೆಯದು, ಹೋದದ್ದು,
ನಿನ್ನೆ ಸುತ್ತಿದ ತಾಮ್ರದಂತೆ ಹೊಳೆಯುತ್ತಿರುತ್ತದೆ.

ನನ್ನ ಅಂಗಡಿಯ ಹಲಗೆಯಲ್ಲಿ ಮೂರು ಹೆಸರಿದ್ದವು.
ಒಂದರ ಮೇಲೆ ಬಣ್ಣ ಬಳಿದಿದೆ.
ಅವನು ಚಾಕಣದಲ್ಲಿದ್ದಾನೆ, ಚೆನ್ನಾಗಿದ್ದಾನೆ.
ತಿಪ್ಪವ್ವ ಹಲಗೆಯತ್ತ ನೋಡಿದಳೋ ಇಲ್ಲವೋ.

"ಖೋಲಿಗೆ ಎಷ್ಟು ಕರೆಂಟು ಬರ್ತದೋ ಅಷ್ಟಕ್ಕ ಗಿರಣಿ," ಎಂದಳು,
"ಸಿಂಗಲ್ ಕೊಡು. ಆ ಡಬ್ಬಿ ಇನ್ನೊಂದು ಫುಕಟ್ ಕೊಡು."

ಎರಡೇ ಎಚ್‌ಪಿ, ಮೂರು ಬೇಡವೆಂದೆ,
ಶುರು ಮಾಡಿದಾಗಲೆಲ್ಲ ಚಾಳಿನ ದೀಪಗಳು ಕಣ್ಣು ಮಿಟುಕಿಸಿ
ನಲ್ಲಿಯ ಹತ್ತಿರ ಜಗಳ.
ಮೊದಲು ಬರಿದೇ ಓಡಲಿ, ಆಮೇಲೆ ಮೆಣಸಿನಕಾಯಿ.
ತುಂಬಿದ ಹೊಟ್ಟೆಯಲ್ಲಿ ಎಬ್ಬಿಸಬೇಡ.

ಕರೆಂಟಿಲ್ಲ, ಓಡಿಸಿ ತೋರಿಸಲಾಗಲಿಲ್ಲ.
ಅವಳೇ ಶಾಫ್ಟು ಹಿಡಿದು
ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿದಳು.
ಎರಡೂ ಕಡೆ ಅಷ್ಟೇ ಸಲೀಸು.
"ಎತ್ತಾಗ?"
ಸೀಮೆಸುಣ್ಣದಲ್ಲಿ ಮೈಮೇಲೊಂದು ಬಾಣ ಬರೆದೆ.

ಆಟೋದಲ್ಲಿ ಕಾಲುಗಳ ನಡುವೆ ಮೋಟಾರು,
ಉರುಳದಂತೆ ಒತ್ತಿ ಹಿಡಿದ ಅಂಗೈ,
ಸರಿಯಾಗಿ ಬಾಣದ ಮೇಲೆ.
ಅಳಿಸೀತು, ಕೈ ತೆಗಿಯವ್ವಾ ಎಂದು ಕೂಗಿದೆ.
ಕೇಳಿಸಲಿಲ್ಲ.